ಪದ ಪರಿಚಯ: ಮಾಫಿ ತಿರಸ್ಕಾರ, ಅದರ ಮೇಲಿನ ರಿಟ್

‘ಅವಧಿಪೂರ್ವ ಬಿಡುಗಡೆ ತಿರಸ್ಕಾರವಾಗಿದೆ, ಅಪೀಲು ಹಾಕಿಕೊಡಿ’ ಎಂದು ಸಜಾಬಂದಿಯ ಮನೆಯವರು ವಕೀಲರಲ್ಲಿ ಕೇಳುವುದುಂಟು. ಆದರೆ ಅಪೀಲು ಹಾಕುವುದು ಕೋರ್ಟಿನ ತೀರ್ಪಿನ ಮೇಲೆ. ಅವಧಿಪೂರ್ವ ಬಿಡುಗಡೆಗೆ ದಾರಿಯಾಗುವ ಮಾಫಿ ಎಂಬುದು ಸರ್ಕಾರದ ತೀರ್ಮಾನ: ಅಪರಾಧಿ ಎಂಬ ತೀರ್ಪು ಹಾಗೇ ಇರುತ್ತದೆ, ಬಾಕಿ ಶಿಕ್ಷೆಯನ್ನಷ್ಟೇ ಸರ್ಕಾರ ಬಿಟ್ಟುಕೊಡುತ್ತದೆ. ಈ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 432ನೇ ಕಲಮಿನಲ್ಲಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 473ರಲ್ಲಿದೆ. ಸರ್ಕಾರ ಒಲ್ಲೆನೆಂದರೆ ಇರುವ ದಾರಿ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಸರ್ಕಾರದ ತೀರ್ಮಾನವನ್ನೇ ಪ್ರಶ್ನಿಸುವ ಅರ್ಜಿ.

ಮೊದಲು ಕೈಗೆ ಬರಬೇಕಾದದ್ದು ಹಿಂಬರಹ, ಅಂದರೆ ಕೋರಿಕೆಗೆ ಸರ್ಕಾರ ಕೊಡುವ ಲಿಖಿತ ಉತ್ತರ. ‘ನಿಮ್ಮ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂಬ ಒಂದೇ ಸಾಲು ಅದರಲ್ಲಿದ್ದರೆ, ಆ ಸಾಲೇ ರಿಟ್ಟಿನ ಮೊದಲ ಆಧಾರ. ತಿರಸ್ಕಾರಕ್ಕೆ ಚಿಕ್ಕದಾಗಿಯಾದರೂ ಕಾರಣ ಕೊಡಬೇಕು, ಅದನ್ನು ಬಂದಿಗೆ ಕೂಡಲೇ ತಲುಪಿಸಬೇಕು, ಪ್ರಶ್ನಿಸುವ ಹಕ್ಕಿದೆಯೆಂದೂ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಹೇಳಿದೆ. ಹಿಂಬರಹದ ಜೊತೆ, ಬಿಡುಗಡೆಯ ಬಗ್ಗೆ ಸರ್ಕಾರಕ್ಕೆ ಶಿಫಾರಸು ಮಾಡುವ ಸಲಹಾ ಮಂಡಳಿಯ ಸಭಾ ನಡವಳಿ, ಪೊಲೀಸ್ ವರದಿ, ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ, ಈ ಮೂರರ ನಕಲನ್ನೂ ಬರವಣಿಗೆಯಲ್ಲಿ ಕೇಳಿ.

ತಪ್ಪು ಹೆಚ್ಚಾಗಿ ಸಿಗುವುದು ಈ ಕೊನೆಯ ಕಾಗದದಲ್ಲೇ. ಬರೀ ‘ಅಪರಾಧ ಘೋರ, ಬಿಡುಗಡೆ ಸೂಕ್ತವಲ್ಲ’ ಎಂದರೆ ಸಾಲದು. ಲಕ್ಷ್ಮಣ್ ನಸ್ಕರ್ ಪ್ರಕರಣದ (2000) ಐದು ಅಂಶಗಳನ್ನು ನೋಡಲೇಬೇಕು: ಕೃತ್ಯ ಸಮಾಜವನ್ನು ಬಾಧಿಸಿತೇ, ಮರುಕಳಿಸೀತೇ, ಅಪರಾಧ ಮಾಡುವ ಶಕ್ತಿ ಉಡುಗಿದೆಯೇ, ಇನ್ನೂ ಒಳಗಿಟ್ಟು ಪ್ರಯೋಜನವಿದೆಯೇ, ಕುಟುಂಬದ ಸ್ಥಿತಿ ಹೇಗಿದೆ. ಕಾರಣವಿಲ್ಲದ ಅಭಿಪ್ರಾಯ ಕಾನೂನಿನ ಉದ್ದೇಶವನ್ನೇ ಈಡೇರಿಸದು ಎಂದು ರಾಮಚಂದರ್ ಪ್ರಕರಣದಲ್ಲಿ (2022) ಸುಪ್ರೀಂ ಕೋರ್ಟ್ ಕಡತವನ್ನು ಮರಳಿ ಕಳಿಸಿತು. ಇಪ್ಪತ್ತು ವರ್ಷದ ಹಿಂದಿನ ಕೃತ್ಯವನ್ನಷ್ಟೇ ನೋಡಿ, ಒಳಗೆ ಕಳೆದ ಇಪ್ಪತ್ತು ವರ್ಷವನ್ನು ನೋಡದಿರುವುದು ಅನ್ಯಾಯ. ಜೈಲಿನ ನಡತೆ, ಕಲಿತ ಕಸುಬು, ಪೆರೋಲಿನಿಂದ (ಜೈಲಿನಿಂದ ಸಿಗುವ ತಾತ್ಕಾಲಿಕ ಬಿಡುವಿನಿಂದ) ಹೊತ್ತಿಗೆ ಸರಿಯಾಗಿ ಮರಳಿದ ದಾಖಲೆ ಎಲ್ಲವನ್ನೂ ಅರ್ಜಿಗೆ ಲಗತ್ತಿಸಿ.

ಎರಡನೆಯದು ಸರ್ಕಾರದ ಯಾವ ಮಾಫಿ ನೀತಿ ಎಂಬ ಪ್ರಶ್ನೆ. ಶಿಕ್ಷೆಯಾದ ದಿನ ಜಾರಿಯಲ್ಲಿದ್ದ ನೀತಿಯೇ ಅನ್ವಯ. ಆಮೇಲೆ ಬಂದದ್ದು ಉದಾರವಾಗಿದ್ದರೆ ಅದರ ಲಾಭವೂ ಸಿಗುತ್ತದೆ. ಹೊಸ ಕಠಿಣ ನಿಯಮ ತೋರಿಸಿ ತಿರಸ್ಕರಿಸಿದ್ದರೆ ಅದೂ ಆಧಾರ. ಬೇರೆ ರಾಜ್ಯದಲ್ಲಿ ಶಿಕ್ಷೆಯಾಗಿದ್ದರೆ ತೀರ್ಮಾನಿಸಬೇಕಾದ್ದು ಆ ರಾಜ್ಯದ ಸರ್ಕಾರ, ಜೈಲಿರುವ ರಾಜ್ಯದ್ದಲ್ಲ.

ಲೆಕ್ಕ ತಪ್ಪಿಸಬೇಡಿ. ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆಗಿದ್ದರೆ 14 ವರ್ಷ ನಿಜವಾಗಿ ಒಳಗಿರಬೇಕು. ವಿಚಾರಣಾಧೀನನಾಗಿ ಕಳೆದ ದಿನಗಳು ಇದಕ್ಕೆ ಸೇರುತ್ತವೆ. ನಡತೆ, ದುಡಿಮೆಗಾಗಿ ಜೈಲಿನಲ್ಲಿ ಗಳಿಸಿದ ಮಾಫಿ ದಿನಗಳು ಸೇರುವುದಿಲ್ಲ. ಪೆರೋಲಿನ ದಿನಗಳನ್ನು ಕಳೆಯಬೇಕೆಂದು 2023ರ ತೀರ್ಪಿದೆ.

ಗೆದ್ದರೂ ಅಂದೇ ಬಾಗಿಲು ತೆರೆಯುವುದು ಅಪರೂಪ. ಹೈಕೋರ್ಟ್ ಸಾಮಾನ್ಯವಾಗಿ ಹಿಂಬರಹ ರದ್ದು ಮಾಡಿ, ಇಂತಿಷ್ಟು ದಿನದಲ್ಲಿ ಹೊಸದಾಗಿ ತೀರ್ಮಾನಿಸಿ ಎನ್ನುತ್ತದೆ. ಹಾಗಾಗಿ ರಿಟ್ ಅರ್ಜಿಯ ಕೋರಿಕೆಯಲ್ಲೇ ಗಡುವನ್ನೂ ಕೇಳಬೇಕು. ಬೆಳಗಾವಿಯ ಹಿಂಡಲಗಾ ಜೈಲಿನವರಿಗೆ ಹೈಕೋರ್ಟಿನ ಧಾರವಾಡ ಪೀಠ, ಪರಪ್ಪನ ಅಗ್ರಹಾರದವರಿಗೆ ಬೆಂಗಳೂರು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜೈಲಿನ ಮೂಲಕವೇ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬರೆಯಬಹುದು; ಬಂಧನದಲ್ಲಿರುವವರಿಗೆ ಅದು ಉಚಿತ, ಆದಾಯ ಪ್ರಮಾಣಪತ್ರವೂ ಬೇಕಿಲ್ಲ.