ಕ್ವಾಡ್ರಾಟ್: ಬಂಡೆಯ ಮೇಲೊಂದು ಚೌಕ

ಮುಂಬೈನ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್ ಕಡಲತೀರದಲ್ಲಿ ನೀರು ಇಳಿದರೆ ಕಪ್ಪು ಬಂಡೆಗಳು ದೂರದವರೆಗೂ ತೆರೆದುಕೊಳ್ಳುತ್ತವೆ. ಅಲ್ಲಿ ನಾನೂ ಗೆಳತಿಯೂ ಬಗ್ಗಿ ಕೂತು "ಹನ್ನೊಂದು, ಹನ್ನೆರಡು" ಅಂತ ಎಣಿಸುತ್ತಿದ್ದೆವು. ವಾಕಿಂಗ್ ಬಂದ ಹಿರಿಯರೊಬ್ಬರು ಕನ್ನಡ ಕೇಳಿ ನಿಂತರು. "ಎಂತ ಹುಡುಕುದು ಮಾರಾಯ್ರೆ?"

"ಹುಡುಕ್ತಿಲ್ಲ ಅಂಕಲ್, ಬಸವನಹುಳು ಎಣಿಸ್ತಿದ್ದೀವಿ" ಅಂದೆ. ಅವರ ಕಣ್ಣು ನಮ್ಮ ಮುಂದಿದ್ದ ಪೈಪಿನ ಚೌಕದ ಮೇಲಿತ್ತು.

ಅದೇ ಕ್ವಾಡ್ರಾಟ್. ಲ್ಯಾಟಿನ್ ಮೂಲದ ಈ ಪದಕ್ಕೆ ಚೌಕ ಎಂದೇ ಅರ್ಥ. 1898ರ ಹೊತ್ತಿಗೆ ಅಮೆರಿಕದ ನೆಬ್ರಾಸ್ಕಾದ ಹುಲ್ಲುಗಾವಲಲ್ಲಿ ಸಸ್ಯವಿಜ್ಞಾನಿಗಳಾದ ಪೌಂಡ್ ಮತ್ತು ಕ್ಲೆಮೆಂಟ್ಸ್ ಹೀಗೆ ಚೌಕ ಗುರುತಿಸಿ ಗಿಡ ಎಣಿಸಿದ್ದರು. ನಮ್ಮದು ಪಿವಿಸಿ ಪೈಪಿನದು, ಒಂದೊಂದು ಬದಿ 50 ಸೆಂ.ಮೀ. ಪೈಪಿಗೆ ತೂತು ಕೊರೆದಿದ್ದೇವೆ, ಇಲ್ಲದಿದ್ದರೆ ನೀರಿನ ಗುಂಡಿಯಲ್ಲಿ ತೇಲಿಬಿಡುತ್ತದೆ.

ಇಡೀ ದಡ ಎಣಿಸಲು ಯಾರಿಂದಲೂ ಆಗಲ್ಲ, ಅಲ್ವಾ? ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಬಂಡೆಗೆ ಒಂದೇ ಚೌಕ ಸಾಲದು. ಮೇಲುಗಡೆ ಒಣಬಂಡೆಯಲ್ಲಿ ಪುಟ್ಟ ಬಸವನಹುಳುಗಳು, ಕೆಳಗೆ ಬಂಡೆಗೆ ಅಂಟಿಕೊಂಡೇ ಬದುಕುವ ಚಿಪ್ಪಿನ ಜೀವಿ ಬಾರ್ನಕಲ್, ಸಿಂಪಿ, ಇನ್ನೂ ಕೆಳಗೆ ಹೂವಿನಂತೆ ಬಾಯಿ ತೆರೆಯುವ ಹಸಿರು ಬಣ್ಣದ ಕಡಲಜೀವಿ ಜೋಆಂಥಿಡ್‌ಗಳು. ಅದಕ್ಕೇ ಮೇಲಿನಿಂದ ನೀರಿನವರೆಗೆ ಹಗ್ಗ ಎಳೆದು, ಹಲವು ಕಡೆ ಚೌಕ ಇಡುತ್ತೇವೆ. ಹತ್ತು ಚೌಕ ಅಂದರೆ ಎರಡೂವರೆ ಚದರ ಮೀಟರ್. ಅಷ್ಟರಲ್ಲಿ 60 ಹುಳು ಸಿಕ್ಕರೆ ಚದರ ಮೀಟರಿಗೆ 24.

ಎಲ್ಲಿ ಇಡಬೇಕು ಅನ್ನುವುದೇ ಇದರ ಜೀವಾಳ. ಮೊದಲ ದಿನ ನಾನು ಚೌಕವನ್ನು ಜೋಆಂಥಿಡ್‌ಗಳು ದಟ್ಟವಾಗಿದ್ದಲ್ಲೇ ಇಟ್ಟೆ. ಲೆಕ್ಕದಲ್ಲಿ ದಡವೆಲ್ಲ ಹಸಿರು! ಬೋಳು ಬಂಡೆಗಳು ಮಾಯ. ಆ ಹಾಳೆಯನ್ನು ಪೂರ್ತಿ ಬಿಡಬೇಕಾಯಿತು. ಈಗ ಫೋನ್ ಚೀಟಿ ಎತ್ತಿದಂತೆ ಕೊಟ್ಟ ಸಂಖ್ಯೆಯಷ್ಟು ಹೆಜ್ಜೆ ನಡೆದು, ಕಾಲ ಬಳಿ ಏನೇ ಇರಲಿ, ಅಲ್ಲೇ ಇಡುತ್ತೇವೆ. ಬೋಳು ಬಂಡೆ ಬಂದರೆ 'ಸೊನ್ನೆ' ಅಂತ ಬರೆಯುತ್ತೇವೆ. ಆ ಸೊನ್ನೆಯೂ ಬೇಕು.

ಅಂಚಿನಲ್ಲಿ ಕೂತ ಹುಳುವನ್ನು ಏನು ಮಾಡುವುದು? ಎರಡು ಬದಿಯ ಅಂಚಿನವು ಲೆಕ್ಕಕ್ಕೆ, ಉಳಿದೆರಡು ಬದಿಯವು ಹೊರಗೆ. ಎಲ್ಲವನ್ನೂ ಸೇರಿಸಿದರೆ ಲೆಕ್ಕ ಜಾಸ್ತಿಯಾಗುತ್ತದೆ.

ಅಂಕಲ್ ಕೂಡ ಬಗ್ಗಿ ಎರಡು ಹುಳು ತೋರಿಸಿದರು. ಅದರಲ್ಲೊಂದು ಹುಳುವಿಲ್ಲದ ಬರೀ ಚಿಪ್ಪು, ಅದರೊಳಗೆ ಮನೆ ಮಾಡಿಕೊಂಡಿದ್ದ ಸನ್ಯಾಸಿ ಏಡಿ. ಅದನ್ನು ಬೇರೆ ಸಾಲಿನಲ್ಲಿ ಬರೆದುಕೊಂಡೆವು. ಅಷ್ಟರಲ್ಲಿ ನೀರು ಏರತೊಡಗಿತ್ತು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ಮರುದಿನ ಏಳಕ್ಕೆ ಬದಲು ಎಂಟಕ್ಕೆ ಸ್ವಲ್ಪ ಮುಂಚೆ ಬಂದೆವು.