ಸೀಟು ಖಾಲಿ ಇಲ್ಲದಿದ್ದರೆ 500 ಯಾಕೆ?

ಬಸ್ ಸೀಟು ಬುಕ್ ಮಾಡುವ ಒಂದು ವೆಬ್ ಸರ್ವಿಸ್ ಇದೆ ಅಂದ್ಕೊಳ್ಳಿ. ಇಬ್ಬರು ಒಂದೇ ಹೊತ್ತಿಗೆ 14ನೇ ಸೀಟು ಒತ್ತಿದರು. ಒಬ್ಬರಿಗೆ ಸಿಕ್ಕಿತು. ಇನ್ನೊಬ್ಬರ ಆ್ಯಪ್‌ಗೆ ಹೋದ ಉತ್ತರ 500, ಇಂಟರ್ನಲ್ ಸರ್ವರ್ ಎರರ್, ಅಂದರೆ ಸರ್ವರ್‌ನಲ್ಲೇ ಏನೋ ಕೆಟ್ಟಿದೆ ಅನ್ನುವ ಸ್ಟೇಟಸ್ ಕೋಡ್. ಸರ್ವರ್‌ಗೆ ಏನೂ ಆಗಿಲ್ಲ, ಸೀಟು ಹೋಗಿದೆ ಅಷ್ಟೇ. ಆ್ಯಪ್‌ಗೆ ಅದು ಗೊತ್ತಾಗುವುದು ಹೇಗೆ? ಅದೇ ಸೀಟನ್ನು ಮತ್ತೆ ಮತ್ತೆ ಕೇಳುತ್ತಾ ಕೂರುತ್ತದೆ.

ಕೋಡ್ ರಿವ್ಯೂ ಮಾಡುವಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಈ ಉತ್ತರ ಸಿಕ್ಕವರು ಮುಂದೇನು ಮಾಡಬೇಕು? ಮತ್ತೆ ಪ್ರಯತ್ನಿಸಬೇಕಾ, ಕೊಟ್ಟ ಮಾಹಿತಿ ತಿದ್ದಬೇಕಾ, ಲಾಗಿನ್ ಆಗಬೇಕಾ? ಕಸ್ಟಮ್ ಎಕ್ಸೆಪ್ಶನ್‌ಗಳನ್ನು (ಕೋಡ್‌ನಲ್ಲಿ ತಪ್ಪು ತಿಳಿಸಲು ನಾವೇ ಬರೆಯುವ ಕ್ಲಾಸ್‌ಗಳು) ಇದರ ಮೇಲೆಯೇ ವಿಂಗಡಿಸಿ. ಪ್ರತಿ ಸಣ್ಣ ತಪ್ಪಿಗೂ ಒಂದೊಂದು ಕ್ಲಾಸ್ ಬರೆದು, ಕೊನೆಗೆ ಎಲ್ಲಕ್ಕೂ 400 (ಕೇಳಿದ ರೀತಿ ಸರಿಯಿಲ್ಲ) ಅಂತಲೇ ಕಳಿಸಿದರೆ ಏನು ಬಂತು? ಸೀಟು ಹೋಗಿದ್ದರೆ 409 (ಈಗಿನ ಸ್ಥಿತಿಗೂ ಕೋರಿಕೆಗೂ ಘರ್ಷಣೆ) ಕಳಿಸಿ. ಟೋಕನ್, ಅಂದರೆ ಲಾಗಿನ್ ಆದ ಗುರುತು, ಇಲ್ಲದಿದ್ದರೆ 401, ಟೋಕನ್ ಇದ್ದೂ ಅನುಮತಿ ಇಲ್ಲದಿದ್ದರೆ 403. ತುಂಬಾ ಜಾಸ್ತಿ ಸಲ ಕೇಳಿದವರಿಗೆ 429, ಜೊತೆಗೆ ಎಷ್ಟು ಸೆಕೆಂಡ್ ಕಾಯಬೇಕು ಅಂತ ಹೇಳುವ ರಿಟ್ರೈ-ಆಫ್ಟರ್ ಹೆಡರ್. 200 ಕಳಿಸಿ ಒಳಗೆ 'ಸಕ್ಸೆಸ್: ಫಾಲ್ಸ್' ಅಂತ ಬರೆಯುವುದನ್ನು ಮಾತ್ರ ದಯವಿಟ್ಟು ಬಿಡಿ. ಸ್ಟೇಟಸ್ ಕೋಡ್ ನೋಡುವ ಮಾನಿಟರಿಂಗ್‌ಗೆ ಆ ತಪ್ಪು ಕಾಣುವುದೇ ಇಲ್ಲ.

ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಈ ಕೆಲಸಕ್ಕೆ ರೆಸ್ಟ್‌ಕಂಟ್ರೋಲರ್‌ಅಡ್ವೈಸ್ ಇದೆ. ಯಾವ ಎಕ್ಸೆಪ್ಶನ್‌ಗೆ ಯಾವ ಉತ್ತರ ಅನ್ನುವುದನ್ನು ಅದೊಂದೇ ಕಡೆ ಬರೆದರಾಯಿತು, ಪ್ರತಿ ಕಂಟ್ರೋಲರ್‌ನಲ್ಲೂ ಟ್ರೈ-ಕ್ಯಾಚ್ ಬೇಡ. ಇದನ್ನು ಬಹಳ ಜನ ಮಾಡುತ್ತಾರೆ. ಎಡವುವುದು ಬೇರೆ ಕಡೆ. ಟ್ರಾನ್ಸಾಕ್ಷನಲ್ (ಡೇಟಾಬೇಸ್ ಕೆಲಸ ಆದರೆ ಪೂರ್ತಿ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು) ಅಂತ ಗುರುತು ಹಾಕಿದ ಮೆಥಡ್ ಇದೆ ಅಂದ್ಕೊಳ್ಳಿ. ಅದು ಮೊದಲು ವ್ಯಾಲೆಟ್‌ನಿಂದ ಹಣ ಕಡಿತ ಮಾಡುತ್ತದೆ, ಆಮೇಲೆ ಸೀಟು ನೋಡುತ್ತದೆ, ಇಲ್ಲದಿದ್ದರೆ ನೀವು ಬರೆದ ಎಕ್ಸೆಪ್ಶನ್ ಎಸೆಯುತ್ತದೆ. ಆ ಕ್ಲಾಸ್ ರನ್‌ಟೈಮ್‌ಎಕ್ಸೆಪ್ಶನ್‌ನಿಂದ ಬಂದಿದ್ದರೆ ಎಲ್ಲವೂ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ಮೊದಲಿದ್ದ ಹಾಗೇ ಆಗುತ್ತದೆ. ಬರೀ 'ಎಕ್ಸೆಪ್ಶನ್' ಅನ್ನುವ ಕ್ಲಾಸ್‌ನಿಂದ ಬಂದಿದ್ದರೆ? ಸ್ಪ್ರಿಂಗ್ ತಾನಾಗಿ ರೋಲ್‌ಬ್ಯಾಕ್ ಮಾಡುವುದಿಲ್ಲ, ಆಗಿದ್ದನ್ನು ಕಮಿಟ್ ಮಾಡಿ ಉಳಿಸುತ್ತದೆ. ಪ್ರಯಾಣಿಕರಿಗೆ ಅಚ್ಚುಕಟ್ಟಾದ 409 ಹೋಗುತ್ತದೆ, ವ್ಯಾಲೆಟ್‌ನಿಂದ ಹಣವೂ ಹೋಗಿರುತ್ತದೆ! ರನ್‌ಟೈಮ್‌ಎಕ್ಸೆಪ್ಶನ್ ಬಳಸಿ, ಇಲ್ಲವೇ ಟ್ರಾನ್ಸಾಕ್ಷನಲ್ ಗುರುತಿನಲ್ಲೇ ರೋಲ್‌ಬ್ಯಾಕ್‌ಫಾರ್ ಅಂತ ನಿಮ್ಮ ಎಕ್ಸೆಪ್ಶನ್ ಹೆಸರು ಕೊಡಿ. ಬರೀ ಉತ್ತರದ ಕೋಡ್ ನೋಡುವ ಟೆಸ್ಟ್‌ನಲ್ಲಿ ಇದು ಸಿಗಲ್ಲ, ಬ್ಯಾಲೆನ್ಸನ್ನೂ ನೋಡಬೇಕು.

ಉತ್ತರದ ರೂಪವನ್ನು ನೀವೇ ಕಂಡುಹಿಡಿಯಬೇಕಾಗಿಲ್ಲ. ಇಂಟರ್ನೆಟ್ ಮಾನದಂಡಗಳ ದಾಖಲೆಯಾದ 2016ರ ಆರ್‌ಎಫ್‌ಸಿ 7807 ಅದನ್ನು ಹೇಳಿತ್ತು. 2023ರಲ್ಲಿ ಅದರ ಜಾಗಕ್ಕೆ ಆರ್‌ಎಫ್‌ಸಿ 9457 ಬಂತು. ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್, ಇನ್‌ಸ್ಟನ್ಸ್ ಅಂತ ಐದು ಫೀಲ್ಡ್. ಬೇಕಾದ್ದನ್ನು ಸೇರಿಸಲೂಬಹುದು. ನಮ್ಮ ಸೀಟಿನ ವಿಷಯದಲ್ಲಿ ಖಾಲಿ ಇರುವ ಸೀಟುಗಳ ಪಟ್ಟಿಯನ್ನೇ ಜೊತೆಗೆ ಕಳಿಸಿದರೆ ಆ್ಯಪ್ ಇನ್ನೊಂದು ಸಲ ಕೇಳಬೇಕಾಗಿಲ್ಲ. ಸ್ಪ್ರಿಂಗ್ 6ರಲ್ಲಿ ಪ್ರಾಬ್ಲಮ್‌ಡೀಟೇಲ್ ಅನ್ನುವ ಕ್ಲಾಸ್ ಸಿದ್ಧವಾಗಿಯೇ ಸಿಗುತ್ತದೆ.

ನಿಜವಾಗಿಯೂ ನಿರೀಕ್ಷಿಸದ ತಪ್ಪಿಗೆ 500 ಇದ್ದೇ ಇದೆ. ಆಗ ಹೊರಗೆ ಸ್ಟ್ಯಾಕ್ ಟ್ರೇಸ್ (ತಪ್ಪು ಕೋಡ್‌ನ ಯಾವ ಸಾಲಲ್ಲಿ ಆಯಿತು ಅನ್ನುವ ಪಟ್ಟಿ) ಹೋಗಬಾರದು, ಡೇಟಾಬೇಸ್ ಟೇಬಲ್ ಹೆಸರೂ ಹೋಗಬಾರದು. ಒಂದು ಐಡಿ ಕಳಿಸಿ. ಪೂರ್ತಿ ವಿವರ ಅದೇ ಐಡಿ ಜೊತೆ ಲಾಗ್‌ನಲ್ಲಿರಲಿ. ಮೂಲ ಎಕ್ಸೆಪ್ಶನ್ ಹಿಡಿದು ನಿಮ್ಮದನ್ನು ಎಸೆಯುವಾಗ, ಮೂಲವನ್ನು 'ಕಾಸ್' (ಕಾರಣ) ಆಗಿ ಒಳಗೆ ಕೊಡಿ. ಇಲ್ಲದಿದ್ದರೆ ರಾತ್ರಿ ಲಾಗ್ ಹುಡುಕುವವರಿಗೆ ಜಾಡೇ ಸಿಗುವುದಿಲ್ಲ.

ಇನ್ನೊಂದು ಮಾತು ಆ್ಯಪ್ ಬರೆಯುವವರಿಗೆ. ಡೀಟೇಲ್‌ನಲ್ಲಿರುವ ವಾಕ್ಯವನ್ನು ಹೋಲಿಸಿ ನಿರ್ಧಾರ ಮಾಡಬೇಡಿ, ತಪ್ಪಿನ ಬಗೆ ಹೇಳುವ ಟೈಪ್ ಫೀಲ್ಡ್ ನೋಡಿ. ಡೀಟೇಲ್ ಇರುವುದು ಮನುಷ್ಯರು ಓದಲಿಕ್ಕೆ. ನಾಳೆ ಸರ್ವರ್ ತಂಡ ಅದನ್ನು ಕನ್ನಡದಲ್ಲಿ ಕಳಿಸಿದರೂ ನಿಮ್ಮ ಆ್ಯಪ್ ನಡೆಯುತ್ತಿರಬೇಕು ಅಲ್ವಾ?