ಸ್ಕ್ಯಾನಿಂಗ್ ಪರದೆ ಯಾರ ಕಡೆಗಿರಬೇಕು?

ಗರ್ಭಪಾತಕ್ಕೆಂದು ಬಂದವರಿಗೆ ಸ್ಕ್ಯಾನ್ ಮಾಡುವಾಗ ಮಾನಿಟರನ್ನು ನನ್ನ ಕಡೆಗೇ ತಿರುಗಿಸಿಕೊಳ್ಳುತ್ತೇನೆ. ಎಷ್ಟು ವಾರ, ಗರ್ಭ ಗರ್ಭಕೋಶದೊಳಗೇ ಇದೆಯೋ ನಾಳದಲ್ಲಿ ಕಟ್ಟಿದೆಯೋ, ಇಷ್ಟು ತಿಳಿದರೆ ನನ್ನ ಕೆಲಸ ಆಯಿತು. ತಾವಾಗಿ ಕೇಳಿದವರಿಗೆ ತೋರಿಸುತ್ತೇನೆ. ಹೆಚ್ಚಿನವರು ಗೋಡೆ ನೋಡುತ್ತಾ ಮಲಗಿರುತ್ತಾರೆ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದನ್ನೂ ಶಾಸಕರೇ ತೀರ್ಮಾನಿಸಿದರು. ಟೆಕ್ಸಾಸ್‌ನ 2011ರ ಕಾನೂನಿನಂತೆ ವೈದ್ಯರು ಚಿತ್ರ ತೋರಿಸಬೇಕಿತ್ತು, ಎದೆಬಡಿತ ಕೇಳಿಸಬೇಕಿತ್ತು, ಕಂಡದ್ದನ್ನು ವಿವರಿಸಬೇಕಿತ್ತು. ಆಕೆ ಚಿತ್ರ ನೋಡದಿರಬಹುದಿತ್ತು. ಆದರೆ ಅತ್ಯಾಚಾರದಂಥ ಕೆಲವು ಸಂದರ್ಭ ಬಿಟ್ಟರೆ ವಿವರಣೆ ಕೇಳಲೇಬೇಕಿತ್ತು.

2012ರಲ್ಲಿ ಗರ್ಭಪಾತಕ್ಕೆ ಮೊದಲು ಸ್ಕ್ಯಾನ್ ಕಡ್ಡಾಯ ಮಾಡುವ ವರ್ಜೀನಿಯಾದ ಮಸೂದೆ ಬಂದಾಗ ಗಲಾಟೆ ಜೋರಾಯಿತು. ಐದಾರು ವಾರದ ಗರ್ಭ ಹೊಟ್ಟೆ ಮೇಲೆ ಜೆಲ್ ಹಚ್ಚಿ ನೋಡಿದರೆ ಸರಿಯಾಗಿ ಸಿಗುವುದಿಲ್ಲ. ಯೋನಿಯೊಳಗಿಂದ ನೋಡಬೇಕು, ನಾವು ಟಿವಿಎಸ್ ಅನ್ನುವುದು ಅದಕ್ಕೇ. ನಾನಾದರೆ ಒಳಗೆ ಇಡುವ, ಕಾಂಡೋಮ್ ಹಾಕಿದ ಪ್ರೋಬನ್ನು ಮೊದಲು ಕೈಯಲ್ಲಿ ಹಿಡಿದು ತೋರಿಸುತ್ತೇನೆ. ಬೇಡವೆಂದರೆ ಅಲ್ಲಿಗೆ ಮುಗಿಯಿತು. ಒಪ್ಪಿಗೆ ಕೇಳದೆ ಅದನ್ನು ಕಡ್ಡಾಯ ಮಾಡುವುದೆಂದರೆ ಏನೆಂದು ಮಸೂದೆ ಬರೆದವರಿಗೆ ಹೊಳೆದಿತ್ತೋ ಇಲ್ಲವೋ. ಆ ರಾಜ್ಯದ ಸೆನೆಟರ್ ಜಾನೆಟ್ ಹೊವೆಲ್ ಅವರಂತೂ, ನಿಮಿರು ದೌರ್ಬಲ್ಯದ ಮಾತ್ರೆ ಬೇಕೆನ್ನುವ ಗಂಡಸರಿಗೂ ಗುದಪರೀಕ್ಷೆ ಕಡ್ಡಾಯವಾಗಲಿ ಎಂದು ತಿದ್ದುಪಡಿ ತಂದರು. 19–21 ಮತಗಳಲ್ಲಿ ಬಿದ್ದುಹೋಯಿತು! ಕೊನೆಗೆ ಗವರ್ನರ್ ಬಾಬ್ ಮೆಕ್‌ಡೊನೆಲ್ ಹೊಟ್ಟೆ ಮೇಲಿನ ಸ್ಕ್ಯಾನ್ ಸಾಕೆಂದು ಮಸೂದೆ ತಿದ್ದಿಸಿ ಸಹಿ ಹಾಕಿದರು. ಅಂದರೆ, ಆ ಹಂತದಲ್ಲಿ ಏನೂ ಸ್ಪಷ್ಟವಾಗಿ ಕಾಣದ ಸ್ಕ್ಯಾನ್ ಕಡ್ಡಾಯವಾಯಿತು. ಅಂದು ಸೆನೆಟ್‌ನಲ್ಲಿ ವಿರೋಧಿಸಿದ್ದ ವೈದ್ಯ ರಾಲ್ಫ್ ನಾರ್ಥಮ್ ಮುಂದೆ ಗವರ್ನರ್ ಆಗಿ, 2020ರಲ್ಲಿ ಅದನ್ನು ರದ್ದುಮಾಡಿದರು.

ಪೂರ್ತಿ ತಿಳಿದು ಒಪ್ಪಲಿ ಎಂಬುದು ಬೆಂಬಲಿಗರ ವಾದ. ಮಾತು ಸರಿ. ಆದರೆ ತಿಳಿಸುವುದು ಬೇರೆ, ಬೇಡವೆಂದವಳ ಕಿವಿಗೆ ತುಂಬುವುದು ಬೇರೆ. ನಾರ್ತ್ ಕ್ಯಾರೊಲಿನಾದ ಇಂಥದೇ ಕಾನೂನನ್ನು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ವೈದ್ಯರ ವಾಕ್ ಸ್ವಾತಂತ್ರ್ಯದ ನೆಲೆಯಲ್ಲೇ ಕಿತ್ತುಹಾಕಿತು; ಟೆಕ್ಸಾಸ್‌ನದನ್ನು ಇನ್ನೊಂದು ನ್ಯಾಯಾಲಯ ಅದಕ್ಕೂ ಮೊದಲೇ ಎತ್ತಿಹಿಡಿದಿತ್ತು.

ನಮ್ಮಲ್ಲಿ ಕಾನೂನು ವೈದ್ಯರ ಬಾಯಿ ಬಿಡಿಸುವುದಿಲ್ಲ, ಮುಚ್ಚಿಸುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ಗಂಡೋ ಹೆಣ್ಣೋ ಹೇಳುವಂತಿಲ್ಲ. ಬಾಗಿಲಲ್ಲೇ ಬೋರ್ಡು, ಒಳಗೆ ಸ್ಕ್ಯಾನ್‌ನ ವಿವರ ದಾಖಲಿಸುವ ಫಾರ್ಮ್ ಎಫ್. ಈ ನಿರ್ಬಂಧಕ್ಕೆ ನನ್ನ ತಕರಾರಿಲ್ಲ, ಅದು ಯಾಕೆ ಬಂತೆಂದು ದಿನಾ ನೋಡುತ್ತೇನೆ. ಸ್ಕ್ಯಾನ್ ಮುಗಿಸಿ ಹೊರಬಂದರೆ ಅತ್ತೆ ನಿಂತಿರುತ್ತಾರೆ. "ಏನಂತೆ ಡಾಕ್ಟ್ರೇ?"

"ಬೆಳವಣಿಗೆ ಚೆನ್ನಾಗಿದೆ ಅಮ್ಮ" ಅನ್ನುತ್ತೇನೆ.